ಎಫ್ ಶಾರ್ಪ್, ಮೂರನೆಯ ಸಲ

ಬ್ರಾಟಿಸ್ಲಾವಾ, ನದಿಯಾಚೆಯ ಕಾಂಕ್ರೀಟು ಗೂಡುಗಳು,
ಒಂಬತ್ತನೆಯ ಮಹಡಿ, ಲಿಫ್ಟು ಕೆಟ್ಟಿದೆ.
ಚೀಲದಲ್ಲೊಂದು ಪುಟ್ಟ ಪೆಟ್ಟಿಗೆ, ರಬ್ಬರು ನಳಿಗೆ, ತಂತಿ.
ಹತ್ತಿ ಬಂದ ನನಗೇ ಊದಲು ಉಸಿರಿಲ್ಲ.

ಯಾರ್ಮಿಲಾ ಚಹಾ ಇಟ್ಟಳು.
ತುಟಿಯ ಎಡಮೂಲೆ ಇನ್ನೂ ಅವಳ ಮಾತು ಕೇಳುವುದಿಲ್ಲ.
ಮೂವತ್ತೊಂದು ವರ್ಷ ಓಬೋ ಕಚ್ಚಿದ ತುಟಿ
ಒಂದು ಬೆಳಿಗ್ಗೆ ಅಭ್ಯಾಸದ ನಡುವೆ
ಸಡಿಲಾಯಿತು, ಹಳೆ ಕೋಟಿನ ಗುಂಡಿ.
ವೈದ್ಯರು ಉದ್ದನೆಯ ಹೆಸರು ಕೊಟ್ಟರು,
ಹೆಸರು ಬಿಟ್ಟು ಬೇರೇನೂ ಕೊಡಲಿಲ್ಲ.

ನಮ್ಮ ಪರಿಚಯ ಹಳೆಯದು, ಗಾಜಿನಾಚೆಯದು.
ಹನ್ನೆರಡು ವರ್ಷದ ಹಿಂದಿನ ಡಿಸೆಂಬರು.
ಸದ್ದು ಬರುತ್ತದೆಂದು ಹೀಟರು ಆರಿಸಿದ್ದೆವು.
ಕೋಟು ತೊಟ್ಟೇ ನುಡಿಸಿದಳು, ಒಂದೊಂದೇ ಸ್ವರ,
ಮೆಲ್ಲಗೆ, ನಡುವೆ, ಜೋರಾಗಿ,
ಪ್ರತಿಯೊಂದನ್ನೂ ನಾಲ್ಕು ಸಲ:
ಯಂತ್ರ ಸರದಿಯಲ್ಲಿ ಬದಲಿಸಿ ಕೊಟ್ಟರೆ
ಯಂತ್ರವೆಂದು ಗೊತ್ತಾಗುವುದಿಲ್ಲವಲ್ಲ.
"ಕಂಪನ ಬೇಡ," ಎಂದೆವು. "ಭಾವ ಬೇಡ.
ಗೆರೆ ಎಳೆದಷ್ಟು ನೇರ ಇರಲಿ.
ಕೊಂಡವರು ಆಮೇಲೆ ಹಾಕಿಕೊಳ್ಳುತ್ತಾರೆ."
ಉಪ್ಪಿಲ್ಲದ ಸಾರು ನಾಲ್ಕು ದಿನ ಕುದಿಸಿದಳು.
ಉಸಿರೆತ್ತಲಿಲ್ಲ.

ಎತ್ತಿದ್ದಳು. ಅದನ್ನು ತೆಗೆದವನು ನಾನು.
ಪ್ರತಿ ಸ್ವರದ ಮುಂಚೆ ಒಂದು ಸಣ್ಣ ಸೆಳೆತ,
ಬಾಗಿಲ ಸಂದಿಯಲ್ಲಿ ಗಾಳಿ ನುಸುಳಿದಷ್ಟು.
ಕತ್ತರಿ, ಮುಂದಿನದು. ಕತ್ತರಿ, ಮುಂದಿನದು.
ಚಳಿಗಾಲವಿಡೀ ಕೂತು
ಎರಡು ಸಾವಿರ ಚಿಲ್ಲರೆ ಉಸಿರು ಅಳಿಸಿದೆ.
ಕೂಲಿ ಗಂಟೆಯ ಲೆಕ್ಕದಲ್ಲಿ.

ಕಳೆದ ವಾರ ಅವಳು ರಿಯಾಯಿತಿಯಲ್ಲಿ
ಆ ಓಬೋ ಕೊಂಡಳು. ತನ್ನನ್ನೇ.
"ಅಗ್ಗವಾಗಿಬಿಟ್ಟಿದ್ದೇನೆ," ಎಂದು ನಕ್ಕಳು,
ಬಲಗಡೆಯಿಂದ ಮಾತ್ರ.

ಕೀಲಿ ಒತ್ತಿದಳು. ಬಂತು ಸ್ವರ,
ಗಿರಣಿಯ ಸೈರನ್ನಿನ ತಮ್ಮ.
ಎಡಗೈಯ ಚಕ್ರ ತೋರಿಸಿದೆ: ತಳ್ಳಿದರೆ ಉಬ್ಬುತ್ತದೆ,
ಎಳೆದರೆ ಇಳಿಯುತ್ತದೆ. ಸೊನ್ನೆಯಿಂದ ನೂರ ಇಪ್ಪತ್ತೇಳು,
ಈ ಲೋಕದಲ್ಲಿ ಇರುವುದು ಇಷ್ಟೇ ಮೆಟ್ಟಿಲು.
"ಅಳುವುದು ಎಷ್ಟನೆಯದು?"
"ಐವತ್ತರ ಆಸುಪಾಸು," ಎಂದೆ. ಅವಳು ತಮಾಷೆ ಮಾಡಿರಲಿಲ್ಲ.

ಮಿಡಿ ಎನ್ನುತ್ತಾರೆ ಇದಕ್ಕೆ. ಅದು ತಾನಾಗಿ ಮಿಡಿಯುವುದಿಲ್ಲ.
ಅಂಚೆಯವನು ಅದು, ಅಂಕಿ ಒಯ್ಯುತ್ತದೆ;
ಲಕೋಟೆ ಒಡೆದು ಓದುವುದಿಲ್ಲ.

ನಳಿಗೆ ಬಾಯಿಗಿಟ್ಟಳು.
ಓಬೋದವರಿಗೆ ಗಾಳಿ ಸಾಲದೆಂದಲ್ಲ, ಮಿಕ್ಕಿ ಕಷ್ಟ:
ಸೂಜಿಗಣ್ಣಿನ ದಾರಿ, ಎದೆ ತುಂಬ ಹಳಸಿದ ಉಸಿರು.
ಇಲ್ಲಿ ಸಲೀಸಾಗಿ ಹೊರಟುಹೋಯಿತು. ಬೆಚ್ಚಿದಳು,
ಇನ್ನೊಂದು ಮೆಟ್ಟಿಲಿದೆಯೆಂದು ಕಾಲಿಟ್ಟು ನೆಲ ತಾಗಿದವಳು.
ನಳಿಗೆಗೆ ಹತ್ತಿ ತುರುಕಿದೆ. ಹೀಗೆ?
ಇನ್ನಷ್ಟು.
ಹೀಗೆ?
ಪರದೆಯ ಮೇಲೆ ಗೆರೆಯೊಂದು ನಡುಗಿ,
ಗುಡ್ಡ ಹತ್ತಿ, ತುದಿಯಲ್ಲಿ ಅರೆಕ್ಷಣ ನಿಂತು, ಇಳಿಯಿತು.
ತುಟಿ ಬೇಕಿರಲಿಲ್ಲ. ಹೊಟ್ಟೆ ಸಾಕಿತ್ತು,
ಹೊಟ್ಟೆಗೆ ಎಲ್ಲ ನೆನಪಿತ್ತು.

ಲಾಲಿಯಂಥದ್ದೇನೋ ನುಡಿಸುತ್ತಿದ್ದವಳು ನಿಂತಳು.
ಎಫ್ ಶಾರ್ಪ್ ಮತ್ತೆ ಒತ್ತಿದಳು. ಮತ್ತೆ. ಮತ್ತೆ.
ನಾಲ್ಕರ ಸರದಿಯಲ್ಲಿ ಮೂರನೆಯದಕ್ಕೆ ಮಾತ್ರ
ಸ್ವರದ ಮುಂಚೆ ಒಂದು ಕೂದಲೆಳೆಯ ಸೆಳೆತ,
ನನ್ನ ಕತ್ತರಿಗೆ ತಪ್ಪಿಸಿಕೊಂಡದ್ದು:
ಕೋಟಿನೊಳಗಿನ, ಡಿಸೆಂಬರಿನ,
ತುಟಿ ನೆಟ್ಟಗಿದ್ದ ಯಾರ್ಮಿಲಾ.

"ಉಳಿದವು?" ಕೇಳಿದಳು.
ಈ ಸಲ ಉಸಿರೆತ್ತದವನು ನಾನು.

"ಇದನ್ನು ಸರಿಪಡಿಸಲೇ, ಎರಡು ನಿಮಿಷದ ಕೆಲಸ,"
ಎಂದು ಇಲಿಯತ್ತ ಚಾಚಿದ ನನ್ನ ಕೈಯ ಮೇಲೆ
ಬಿಸಿ ಚಮಚದಿಂದ ಮೆಲ್ಲಗೆ ಹೊಡೆದಳು.

ಈಗ ಅವಳು ಹಾಡು ಶುರುಮಾಡುವ ಬಗೆ ಹೀಗೆ:
ಊದದೆಯೇ ಎರಡು ಸಲ ಕೀಲಿ ಒತ್ತುತ್ತಾಳೆ,
ಸದ್ದಿಲ್ಲ, ಬೆರಳಿನ ಟಕ್ ಅಷ್ಟೇ.
ಮೂರನೆಯದಕ್ಕೆ ನಳಿಗೆಯಲ್ಲಿ
ಈ ಯಾರ್ಮಿಲಾ ಉಸಿರು ಬಿಡುತ್ತಾಳೆ,
ಆ ಯಾರ್ಮಿಲಾ ಎಳೆದುಕೊಳ್ಳುತ್ತಾಳೆ.